ಸಾರ್ಜೆಂಟರ ಹಲಗೆ

ಸಾರ್ಜೆಂಟ್ ನಂಜುಂಡಯ್ಯನವರ ಮನೆಯಲ್ಲಿ ಸೌಟಿಗೂ ನೆರಳಿತ್ತು. ಬಿಸಿಲಿನ ನೆರಳಲ್ಲ, ಕಪ್ಪು ಬಣ್ಣದ್ದು. ಚೆಂಬೂರಿನ ಅವರ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ, ಅಡುಗೆಮನೆಯ ಗೋಡೆಯ ಮೇಲೆ ಸೌಟು, ಜಾಲರಿ, ಲಟ್ಟಣಿಗೆ, ಇಕ್ಕಳ ಎಲ್ಲದರ ಆಕಾರ ಬಳಿದು, ಒಂದೊಂದರ ನೆತ್ತಿಗೆ ಒಂದು ಮೊಳೆ ಹೊಡೆದಿದ್ದರು. ಸೌಟು ಮೊಳೆಯಲ್ಲಿದ್ದರೆ ಬಣ್ಣ ಮುಚ್ಚಿಹೋಗುತ್ತಿತ್ತು. ಬಣ್ಣ ಕಂಡಿತೆಂದರೆ ಸೌಟು ಎಲ್ಲೋ ಹೋಗಿದೆ ಎಂದು ಅರ್ಥ. ಮಂಚದ ತಲೆದೆಸೆಯಲ್ಲಿ ಅವರ ಕನ್ನಡಕದ ಆಕಾರವೂ ಇತ್ತು. ಎರಡು ಗುಂಡು, ನಡುವೆ ಒಂದು ಗೆರೆ.

"ಇನ್ನು ನನ್ನದೊಂದೇ ಬಾಕಿ," ಎನ್ನುತ್ತಿದ್ದರು ಅವರ ಹೆಂಡತಿ ಶಾರದಮ್ಮ. "ನನ್ನನ್ನೂ ಗೋಡೆಗೆ ಒರಗಿಸಿ ಸುತ್ತ ಬಣ್ಣ ಬಳಿದುಬಿಡಿ."

"ನೀನು ಕಳೆದುಹೋಗೋದು ಹೇಗೆ? ನಿನ್ನ ಬಾಯಿ ಕುರ್ಲಾ ಸ್ಟೇಷನ್ನಿಗೆ ಕೇಳುತ್ತೆ!"

ನಾನು ಸಾರ್ಜೆಂಟರನ್ನು ಮೊದಲು ಕಂಡದ್ದು ಮನೆಯಲ್ಲಲ್ಲ, ಜುಹುವಿನ ಸಣ್ಣ ವಿಮಾನ ನಿಲ್ದಾಣದಲ್ಲಿ. ಎಂಬತ್ತೈದರ ಸುಮಾರು. ಅಲ್ಲಿ ಹುಡುಗ ಹುಡುಗಿಯರಿಗೆ ವಿಮಾನ ಹಾರಿಸಲು ಕಲಿಸುವ ಒಂದು ಕ್ಲಬ್ಬಿತ್ತು. ಮೂರು ಪುಟ್ಟ ವಿಮಾನ, ಅವನ್ನು ಕಟ್ಟುವ ಒಂದು ತಗಡಿನ ಕೊಟ್ಟಿಗೆ. ಅದಕ್ಕೆ ಹ್ಯಾಂಗರ್ ಎನ್ನುತ್ತಾರೆ. ನಾನು ಬಿಜಾಪುರದ ಕಡೆಯಿಂದ ರಸ್ತೆ ಕೆಲಸಕ್ಕೆಂದು ಗಂಡನ ಜೊತೆ ಮುಂಬೈಗೆ ಬಂದವಳು. ಗಂಡ ಹೋದ. ಆ ಕಥೆ ಇಲ್ಲಿ ಬೇಡ. ಅಂಧೇರಿಯ ಝೋಪಡಿಯಿಂದ ದಿನಾ ನಡೆದು ಬಂದು ಹ್ಯಾಂಗರ್ ಗುಡಿಸುತ್ತಿದ್ದೆ, ಎಲ್ಲರಿಗೂ ಚಹಾ ಕಾಸುತ್ತಿದ್ದೆ. ಅವರು ವಿಮಾನದಳದಲ್ಲಿ ಕೆಲಸ ಮಾಡಿ ಪಿಂಚಣಿ ತೆಗೆದುಕೊಂಡು ಬಂದವರು, ಹ್ಯಾಂಗರಿನ ಹಿರಿಯ ಮೆಕ್ಯಾನಿಕ್ಕು. ಚೆಂಬೂರಿನಿಂದ ಎರಡು ಲೋಕಲ್ ಬದಲಿಸಿ ಬಂದರೂ ಎಂಟು ಗಂಟೆಗೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಇಸ್ತ್ರಿ ಕೆಡುತ್ತಿರಲಿಲ್ಲ. ಆ ಲೋಕಲ್ಲಿನ ನೂಕಾಟದಲ್ಲಿ ಅದು ಹೇಗೆ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಸೇರಿದ ಮೊದಲ ದಿನವೇ ಜಗಳ. ಗುಡಿಸುವಾಗ ನಟ್ಟು ತಿರುಗಿಸುವ ಪಾನಾ ಒಂದು ಕಾಲಿಗೆ ಸಿಕ್ಕಿತು. ಎತ್ತಿ ಕಿಟಕಿಯಲ್ಲಿಟ್ಟೆ. ಸ್ವಲ್ಪ ಹೊತ್ತಿಗೆ ಹ್ಯಾಂಗರಿನ ತುಂಬ ಗದ್ದಲ.

"ಏನಮ್ಮಾ, ಪಾನಾ ಎತ್ತಿದ್ದು ನೀನಾ?" ಎಂದರು ಸಾರ್ಜೆಂಟರು.

"ಹೌದ್ರಿ. ಕಾಲಾಗ ಬಿದ್ದಿತ್ತು. ಕಿಡಕ್ಯಾಗ ಇಟ್ಟೀನಿ."

"ಕಿಟಕಿ ಅದರ ಮನೆಯಾ?"

"ನೆಲಾ ಅದರ ಮನಿ ಏನ್ರಿ ಮತ್ತ?"

ಉಳಿದವರೆಲ್ಲ ನಕ್ಕರು. ಅವರು ನಗಲಿಲ್ಲ. ನೆಲದ ಮೇಲೆ ಬಿಟ್ಟ ಮೆಕ್ಯಾನಿಕ್ಕಿನ ಕಡೆ ಒಮ್ಮೆ ನೋಡಿದರು. ಅವನ ನಗು ಅಲ್ಲೇ ನಿಂತಿತು. ಆಮೇಲೆ ನನ್ನನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಬಾಗಿಲಷ್ಟು ದೊಡ್ಡ ಹಳದಿ ಹಲಗೆ. ಅದರ ತುಂಬ ಪಾನಾ, ಸುತ್ತಿಗೆ, ಇಕ್ಕಳ, ಸ್ಕ್ರೂಡ್ರೈವರು ಸಾಲಾಗಿ ತೂಗುತ್ತಿದ್ದವು.

"ಓದು."

"ನನಗ ಓದಾಕ ಬರಂಗಿಲ್ರಿ."

"ಇದಕ್ಕೆ ಅಕ್ಷರ ಬೇಡ. ಎಲ್ಲಿ ಕಪ್ಪು ಕಾಣುತ್ತೆ ಹೇಳು, ಸಾಕು."

ಒಂದೇ ಕಡೆ ಕಪ್ಪಾಗಿತ್ತು. ತೋರಿಸಿದೆ. ಕಿಟಕಿಯಲ್ಲಿದ್ದ ಪಾನಾ ತಂದು ನನ್ನ ಕೈಯಿಂದಲೇ ತೂಗುಹಾಕಿಸಿದರು. ಕಪ್ಪು ಮುಚ್ಚಿತು.

"ಓದಿದೆಯಲ್ಲ!" ಎಂದರು. ಆಗ ನಕ್ಕರು.

ಅವತ್ತಿನಿಂದ ವಿಮಾನ ಹೊರಡುವ ಮೊದಲು ಹಲಗೆ ಓದುವುದು ನನ್ನ ಕೆಲಸವಾಯಿತು. ಕಪ್ಪು ಕಂಡರೆ ಕೂಗಬೇಕು. ಹಲಗೆ ತುಂಬುವವರೆಗೆ ಮೂರರಲ್ಲಿ ಒಂದು ವಿಮಾನವೂ ಬಾಗಿಲು ದಾಟುವಂತಿಲ್ಲ. ಹೋಗಿದ್ದು ಇಕ್ಕಳವಾಗಲಿ, ಬೆರಳುದ್ದದ ಸ್ಕ್ರೂಡ್ರೈವರಾಗಲಿ, ಒಂದೇ ಕಾನೂನು. ಬರಬರುತ್ತ ಅವರು ಪ್ರತಿ ಆಕಾರದ ಕೆಳಗೆ ಸೀಮೆಸುಣ್ಣದಲ್ಲಿ ಕನ್ನಡದಲ್ಲಿ ಹೆಸರು ಬರೆದರು. ಹಾಗೆ ನನಗೆ ಅಕ್ಷರ ಹತ್ತಿತು, ನಲವತ್ತು ದಾಟಿದ ಮೇಲೆ. ನಾನು ಮೊದಲು ಓದಿದ್ದು ಅ ಆ ಅಲ್ಲ, ಸುತ್ತಿಗೆ. ಇವತ್ತಿಗೂ ಒತ್ತಕ್ಷರ ಬರೆಯುವಾಗ ಕಣ್ಣಮುಂದೆ ಆ ಸುತ್ತಿಗೆ ಬರುತ್ತದೆ.

ನನ್ನ ಹೆಸರು ನೀಲವ್ವ. ಅವರು ಮಂಡ್ಯದ ಕಡೆಯವರು, ಅವರ ಬಾಯಲ್ಲಿ ಅದು ನೀಲಮ್ಮ. ಅವರಿಗೆ ನನ್ನ ಮೇಲೆ ಒಂದೇ ದೂರು, ನನ್ನ ತುರುಬು. ನಮ್ಮ ಕಡೆ ಕೂಲಿಯ ಹೆಂಗಸರಿಗೆ ತುರುಬೇ ಪೆಟ್ಟಿಗೆ. ಬಾಚಣಿಗೆ, ಸೂಜಿ, ಸ್ಟವ್ವಿನ ಪಿನ್ನು ಎಲ್ಲ ಅದರಲ್ಲಿ ಸಿಕ್ಕಿಸಿ ಮೇಲೆ ಸೆರಗು ಹೊದ್ದರೆ ಮುಗಿಯಿತು. ಚಹಾಕ್ಕೆ ಸ್ಟವ್ ಹಚ್ಚುವಾಗ ನಾನು ತುರುಬಿನಿಂದ ಪಿನ್ನು ತೆಗೆದರೆ ಅವರು ಮುಖ ಸಿಂಡರಿಸುತ್ತಿದ್ದರು. "ನಿನ್ನ ತಲೆಗೂ ಒಂದು ಹಲಗೆ ಮಾಡಿಸಬೇಕು ಕಣಮ್ಮಾ."

ಮೋಡ ಕವಿದು ವಿಮಾನ ನಿಂತ ದಿನ ಅವರ ಕಥೆ ಶುರುವಾಗುತ್ತಿತ್ತು. ಕಲಿಯುವ ಮಕ್ಕಳು ಸುತ್ತ ಕೂರುತ್ತಿದ್ದರು. ಅವರಿಗೆ ಹಿಂದಿಯಲ್ಲಿ, ನಡುನಡುವೆ ನನಗೆ ಕನ್ನಡದಲ್ಲಿ. ಕಥೆ ಒಂದೇ, ಅವರ ಸ್ಕ್ವಾಡ್ರನ್ನು. ಅಂದರೆ ಒಂದು ಪಡೆಯ ವಿಮಾನಗಳು, ಹಾರಿಸುವವರು, ರಿಪೇರಿ ಮಾಡುವವರು ಎಲ್ಲ ಸೇರಿದ ಒಂದು ಕುಟುಂಬ. ಅದಕ್ಕೊಂದು ಗುರುತು, ರೆಕ್ಕೆ ಬಿಚ್ಚಿದ ಗಿಡುಗ. ಯುದ್ಧದ ಭಾಗ ಬಂದಾಗ ಅವರು ಕುಳಿತಿರುತ್ತಿರಲಿಲ್ಲ. ಕೈ ಎರಡೂ ಹಿಂದಕ್ಕೆ ಚಾಚಿ, ಬಾಯಲ್ಲಿ ಭರ್ರೆಂದು ಸದ್ದು ಮಾಡುತ್ತ ಹ್ಯಾಂಗರಿನ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದರು. ಐವತ್ತು ದಾಟಿದ ಗಂಡಸು!

"ನಾಲ್ಕು ಹೋದವು ಅಂತ ಇಟ್ಕೊಳ್ಳಿ. ನಾವು ಕೆಳಗಿರೋರು ಏನು ಮಾಡ್ಬೇಕು? ಆಕಾಶ ನೋಡ್ಬೇಕು. ಒಂದು ಬಂತು. ಎರಡು ಬಂತು. ಮೂರು. ಚಹಾ ತಣ್ಣಗಾಯ್ತು. ಆಮೇಲೆ ಅಗೋ, ಅಲ್ಲಿ, ಹೊಗೆ ಬಿಟ್ಕೊಂಡು ಕುಂಟ್ಕೊಂಡು ಬಂತು ನಾಲ್ಕನೇದು! ಕುಣಿದುಬಿಟ್ವಿ! ಎಣಿಸೋದು ಅಂದ್ರೆ ಏನು ಅಂತ ನಾನು ಅಲ್ಲೇ ಕಲಿತಿದ್ದು."

ಯುದ್ಧ ಮುಗಿದ ಕೆಲವು ವರ್ಷಕ್ಕೆ ಮೇಲಿನಿಂದ ಒಂದು ಕಾಗದ ಬಂತಂತೆ. ಈ ಸ್ಕ್ವಾಡ್ರನ್ನು ಇನ್ನು ಯುದ್ಧಕ್ಕಲ್ಲ, ಹೊಸಬರಿಗೆ ಹಾರಿಸಲು ಕಲಿಸುವುದಕ್ಕೆ. ಜೆಟ್ ವಿಮಾನಗಳನ್ನು ಬೇರೆಯವರು ಬಂದು ಹಾರಿಸಿಕೊಂಡು ಹೋದರು. ಬದಲಿಗೆ ಕಲಿಸುವ ವಿಮಾನಗಳು ಬಂದವು, ಹಿಂದೊಬ್ಬ ಮುಂದೊಬ್ಬ ಕೂರುವಂಥವು. ಉಳಿದ ಸ್ಕ್ವಾಡ್ರನ್ನಿನವರು ಇವರನ್ನು ಬಾಲವಾಡಿ ಎಂದು ಕರೆಯತೊಡಗಿದರು. "ಗಿಡುಗದ ಕಾಲಿಗೆ ಬಳಪ ಕೊಟ್ಟುಬಿಟ್ರು" ಎಂದು ಇವರಿಗೂ ಸಿಟ್ಟು. ವರ್ಗ ಕೊಡಿ ಎಂದು ಅರ್ಜಿಯನ್ನೂ ಹಾಕಿದ್ದರಂತೆ. ಒಂದೇ ತಿಂಗಳಿಗೆ ವಾಪಸು ತೆಗೆದುಕೊಂಡರು.

"ಯಾಕ್ರಿ?" ಎಂದೆ.

"ಯುದ್ಧದ ಪೈಲಟ್ಟು ದಿನಕ್ಕೆ ಒಂದು ಸಲ ಇಳೀತಾನೆ, ಒಪ್ಪವಾಗಿ. ಈ ಮಕ್ಳು ಹತ್ತು ಸಲ ಇಳೀತಾವೆ, ಹತ್ತೂ ಸಲ ಎತ್ತಿ ಕುಕ್ಕಿದಂಗೆ! ಯಾವ ವಿಮಾನಕ್ಕೆ ಮೆಕ್ಯಾನಿಕ್ ಬೇಕು, ನೀನೇ ಹೇಳು."

ಕಥೆ ಅಲ್ಲಿಂದ ಒಂದೇ ನೆಗೆತಕ್ಕೆ "ಆಮೇಲೆ ರಿಟೈರ್ ಆಗಿ ಬಂದೆ" ಎಂಬಲ್ಲಿಗೆ ಹೋಗುತ್ತಿತ್ತು. ನಡುವೆ ವರ್ಷಗಳು ಮಾಯ. ನಾನು ಹಲಗೆ ಓದುವವಳು, ಖಾಲಿ ಜಾಗ ನನ್ನ ಕಣ್ಣಿಗೆ ಮೊದಲು ಬೀಳುತ್ತದೆ. ಒಮ್ಮೆ ಕೇಳಿಯೇಬಿಟ್ಟೆ. "ನಿಮ್ಮ ಜೋಡಿ ಸೇರಿದವ್ರು ವಾರಂಟ್ ಆಫೀಸರ್ ಆಗಿ ಹೊಂಟ್ರಂತ. ನೀವ್ಯಾಕ ಸಾರ್ಜೆಂಟ್ ಆಗೇ ಉಳದ್ರಿ?"

"ಚಹಾಕ್ಕೆ ಸಕ್ಕರೆ ಕಮ್ಮಿ," ಎಂದರು. ಕಮ್ಮಿ ಇರಲಿಲ್ಲ.

ಮುಂದೊಂದು ಬೇಸಿಗೆಯಲ್ಲಿ ಹೇತಲ್ ಎಂಬ ಹುಡುಗಿ ಕಲಿಯುತ್ತಿದ್ದಳು. ಘಾಟ್ಕೋಪರಿನ ಗುಜರಾತಿ ಅರಿವೆ ಅಂಗಡಿಯವರ ಮಗಳು. ನೋಡಲು ಕಡ್ಡಿ, ಆದರೆ ವಿಮಾನದ ರೆಕ್ಕೆ ಹಿಡಿದು ಎಳೆಯುವಾಗ ಗಂಡುಹುಡುಗರಿಗಿಂತ ಮುಂದೆ. ಅವಳ ಅಪ್ಪ ಒಂದು ಮಾತು ಹೇಳಿದ್ದ: ಮಳೆಗಾಲದೊಳಗೆ ಒಬ್ಬಳೇ ಹಾರಿ ತೋರಿಸಿದರೆ ಮುಂದೆ ಕಲಿ, ಇಲ್ಲದಿದ್ದರೆ ಸಾಕು, ಮದುವೆ. ಒಬ್ಬಳೇ ಹಾರುವುದೆಂದರೆ, ಕಲಿಸುವ ಕ್ಯಾಪ್ಟನ್ನು ಇಳಿದುಬಿಡುತ್ತಾರೆ, ಪಕ್ಕದ ಸೀಟು ಖಾಲಿ, ಮೇಲೆ ಒಂದು ಸುತ್ತು ಹಾಕಿ ತಾನೇ ಇಳಿಸಬೇಕು. ಮಳೆ ಹಿಡಿದರೆ ತಿಂಗಳುಗಟ್ಟಲೆ ಅದೆಲ್ಲ ಬಂದ್. ಜೂನ್ ಹತ್ತಿರ ಬಂತು, ಸಮುದ್ರದ ಮೇಲೆ ದಿನಾ ಮೋಡ. ಕೊನೆಗೊಂದು ಬೆಳಿಗ್ಗೆ ಆಕಾಶ ಬಿಚ್ಚಿತು. "ಇವತ್ತು!" ಎಂದರು ಕ್ಯಾಪ್ಟನ್ನು. ಹೇತಲ್ ಅಪ್ಪನಿಗೆ ಫೋನು ಮಾಡಿದಳು. ಅವನು ಪೇಡೆಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಹ್ಯಾಂಗರಿನ ಹೊರಗಿನ ಬೆಂಚಿನಲ್ಲಿ ಕುಳಿತ.

ನಾನು ಹಲಗೆ ಓದಿದೆ. ಒಂದು ಕಡೆ ಕಪ್ಪು. ಸಣ್ಣ ಸ್ಕ್ರೂಡ್ರೈವರು.

ಕೂಗಿದೆ. ಕೂಗಿದ್ದೇ ತಡ, ಸಾರ್ಜೆಂಟರು ಕೈ ಎತ್ತಿದರು. ಎಳೆಯುತ್ತಿದ್ದ ವಿಮಾನ ಬಾಗಿಲಲ್ಲೇ ನಿಂತಿತು. ಹುಡುಕಾಟ ಶುರುವಾಯಿತು. ಸೀಟು ಬಿಚ್ಚಿದರು. ಎಂಜಿನ್ನಿನ ಮುಚ್ಚಳ ತೆಗೆದರು. ಎಲ್ಲರ ಜೇಬು ನೋಡಿದರು. ನಾನು ಕಸದ ಬುಟ್ಟಿ ನೆಲಕ್ಕೆ ಸುರಿದು ಕೈಯಾಡಿಸಿದೆ. ಒಂದು ಗಂಟೆ ಹೋಯಿತು. ಸಮುದ್ರದ ಮೇಲೆ ಕರಿ ಗೆರೆಯೊಂದು ಏಳುತ್ತಿತ್ತು. ಹೇತಲ್ ಅದನ್ನು ನೋಡುವಳು, ಅಪ್ಪನನ್ನು ನೋಡುವಳು, ಉಗುರು ಕಚ್ಚುವಳು. ಕ್ಲಬ್ಬಿನ ಸೆಕ್ರೆಟರಿ ಆಫೀಸಿನಿಂದ ಓಡಿ ಬಂದ. ಇಂಥದ್ದೇ ಕಾರಣಕ್ಕೆ ಹಿಂದೆ ಎರಡು ಸಲ ವಿಮಾನ ನಿಂತಿತ್ತು. ಮೂರನೇ ಸಲ ನಿಲ್ಲಿಸಿದರೆ ಮನೆಗೆ ಹೋಗಿ ಎಂದು ಸಾರ್ಜೆಂಟರಿಗೆ ಹೇಳಿದ್ದ.

"ಏಕ್ ಪೇಚ್‌ಕಸ್ ಕೇ ಲಿಯೇ, ಸರ್ಜಂಟ್? ಒಂದು ಸ್ಕ್ರೂಡ್ರೈವರಿಗಾಗಿ? ಬಜಾರದಲ್ಲಿ ಹತ್ತು ಸಿಗುತ್ತವೆ!"

"ಹತ್ತು ತನ್ನಿ ಸಾಬ್. ಆ ಹನ್ನೊಂದನೇದು ಎಲ್ಲಿದೆ ಅಂತ ಮೊದಲು ಹೇಳಿ."

"ವಿಮಾನ ಬಿಡಿ. ಇದು ನನ್ನ ಆರ್ಡರ್."

"ನನ್ನ ಕೆಲಸ ತೆಗೀರಿ. ವಿಮಾನ ಬಿಡಲ್ಲ."

ಸೆಕ್ರೆಟರಿ ಹೇತಲ್ ಕಡೆ ತಿರುಗಿದ. "ನೀನು ಹೇಳು ಬೇಟಿ, ಹೋಗ್ತೀಯಾ?" ಅವಳ ಕಣ್ಣು ತುಂಬಿತ್ತು. ಮೂಗು ಒರೆಸಿಕೊಂಡು ಸಾರ್ಜೆಂಟರ ಪಕ್ಕ ಹೋಗಿ ನಿಂತಳು. "ಬೋರ್ಡ್ ತುಂಬಲಿ," ಎಂದಳು.

ನಾನು ವಿಮಾನದ ಹೊಟ್ಟೆಯ ಕೆಳಗೆ ನುಸುಳಿದೆ, ಗಾಲಿಯ ಹಿಂದೆ ನೋಡೋಣವೆಂದು. ತಲೆ ಎತ್ತಿದೆ. ಟಣ್ಣೆಂದಿತು. ಕೂದಲಿಗೆ ಅಂಥ ಸದ್ದಿರುವುದಿಲ್ಲ.

ಸೆರಗಿನ ಮೇಲಿಂದಲೇ ಮುಟ್ಟಿ ನೋಡಿದೆ. ಬೆಳಿಗ್ಗೆ ಚಹಾ ಪಾತ್ರೆಯ ಹಿಡಿಕೆ ಸಡಿಲಾಗಿತ್ತು. ಸಣ್ಣ ಸ್ಕ್ರೂಡ್ರೈವರು ತೆಗೆದು ಬಿಗಿ ಮಾಡಿದ್ದೆ. ಅಷ್ಟರಲ್ಲಿ ಕ್ಯಾಪ್ಟನ್ನು ನೀರು ಕೇಳಿದ್ದರು. ಕೈ ತಾನಾಗಿ ತುರುಬಿಗೆ ಹೋಗಿತ್ತು. ಮೇಲೆ ಸೆರಗು. ಒಂದು ಗಂಟೆ ಊರೆಲ್ಲ ಹುಡುಕಿದವಳ ತಲೆಯಲ್ಲೇ ಕುಳಿತಿತ್ತು ಆ ಸ್ಕ್ರೂಡ್ರೈವರು!

ಯಾರೂ ನೋಡಿರಲಿಲ್ಲ. ಮೇಲೆ ಸೀಟು ಬಿಚ್ಚಿಯೇ ಇತ್ತು. ಕೈ ಚಾಚಿ ಒಳಗೆ ಜಾರಿಸಿ "ಸಿಕ್ತು" ಎಂದು ಕೂಗಿದರೆ ಸಾರ್ಜೆಂಟರು ಗೆದ್ದಂತೆ, ಅವರ ಕೆಲಸ ಉಳಿದಂತೆ, ನನ್ನದೂ ಉಳಿದಂತೆ. ಇದೆಲ್ಲ ಲೆಕ್ಕ ಹಾಕಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಹೊರಗೆ ಬಂದು, ಸೆರಗು ತೆಗೆದು, ಎಲ್ಲರೆದುರು ತುರುಬಿನಿಂದ ಎಳೆದೆ.

"ಸಾಹೇಬ್ರ, ಸಿಕ್ತ್ರಿ."

"ಎಲ್ಲಿ?"

"ನನ್ನ ತಲ್ಯಾಗ."

ಸಾರ್ಜೆಂಟರ ಮುಖ ಒಂದು ಕ್ಷಣ ಹಲಗೆಯಂತೆಯೇ ಇತ್ತು. ಆಮೇಲೆ ಕಳೆದ ಸಾಮಾನಿನ ಲೆಕ್ಕ ಬರೆಯುವ ದಪ್ಪ ಪುಸ್ತಕ ತೆಗೆದು, ಗಟ್ಟಿಯಾಗಿ ಓದುತ್ತ ಬರೆದರು: "ಸಿಕ್ಕ ಜಾಗ, ನೀಲಮ್ಮನ ತುರುಬು." ಹ್ಯಾಂಗರಿನ ತಗಡು ಹಾರುವಂತೆ ನಗು. ಸೆಕ್ರೆಟರಿ ಮಾತ್ರ ನಗಲಿಲ್ಲ. "ಕಲ್ ಸೇ ದೋನೋ ಮತ್ ಆನಾ," ಎಂದ. ನಾಳೆಯಿಂದ ಇಬ್ಬರೂ ಬರಬೇಡಿ.

"ನಾಳೆಯದು ನಾಳೆ ಸಾಬ್," ಎಂದರು ಸಾರ್ಜೆಂಟರು. "ನೀಲಮ್ಮಾ, ಓದು!"

ತೂಗುಹಾಕಿದೆ. ಓದಿದೆ. ಎಲ್ಲೂ ಕಪ್ಪಿರಲಿಲ್ಲ. "ತುಂಬೇತ್ರಿ!" ಎಂದು ಕೂಗಿದೆ.

ಸೀಟು, ಮುಚ್ಚಳ ಎಲ್ಲ ಬಿಗಿಯಾದವು. ಸಾರ್ಜೆಂಟರು ತಾವೇ ಒಂದೊಂದು ತಿರುಪು ಮುಟ್ಟಿ ನೋಡಿ ಸಹಿ ಹಾಕಿದರು. ಮೊದಲು ಹೇತಲ್ ಕ್ಯಾಪ್ಟನ್ನರ ಜೊತೆ ಒಂದು ಸುತ್ತು ಹೋಗಿ ಬಂದಳು. ಕ್ಯಾಪ್ಟನ್ನು ಇಳಿದು, ಬಾಗಿಲು ಹಾಕಿ, ರೆಕ್ಕೆಗೆ ಎರಡು ಬಡಿತ ಬಡಿದು ದೂರ ಸರಿದರು. ಆ ವಿಮಾನ ಓಡಿತು ನೋಡಿ! ಓಡಿತು, ಓಡಿತು, ಬಾಲ ಎತ್ತಿತು, ನೆಲ ಬಿಟ್ಟಿತು! ಜುಹುವಿನ ತೆಂಗಿನ ಗರಿಗಳ ಮೇಲೆ ಏರಿ ಸಮುದ್ರದ ಕಡೆ ತಿರುಗಿತು. ಕರಿ ಮೋಡದ ಮುಂದೆ ಅದು ಬೆಳ್ಳಗೆ, ಅಕ್ಕಿಕಾಳಿನಷ್ಟು. ಅವಳಪ್ಪ ಬೆಂಚಿನ ಮೇಲೆ ಹತ್ತಿ ನಿಂತಿದ್ದ, ಚಪ್ಪಲಿ ಸಮೇತ. ನನ್ನ ಕೈಯಲ್ಲಿ ಕಸಬರಿಗೆ ಇತ್ತು, ಅದನ್ನೇ ಗಟ್ಟಿಯಾಗಿ ಹಿಡಿದಿದ್ದೆ. ಸಾರ್ಜೆಂಟರು ಆಕಾಶದಿಂದ ಕಣ್ಣು ತೆಗೆಯಲಿಲ್ಲ.

ಇಳಿಯುವಾಗ ವಿಮಾನ ನೆಲಕ್ಕೆ ಬಡಿದು ಪುಟಿಯಿತು. "ಒಂದು!" ಎಂದು ಕೂಗಿದರು ಸಾರ್ಜೆಂಟರು. ಮತ್ತೆ ಪುಟಿಯಿತು. "ಎರಡು!" ಮತ್ತೆ. "ಮೂರು! ಸಾಕು, ಕೂತ್ಕೊಳ್ಳಮ್ಮಾ ತಾಯಿ!" ಕೂತಿತು. ಅವರು ಕೈ ಎರಡೂ ಹಿಂದಕ್ಕೆ ಚಾಚಿ, ಭರ್ರೆಂದು ಸದ್ದು ಮಾಡುತ್ತ ಆ ವಿಮಾನದ ಕಡೆ ಓಡಿದರು. ನಾನೂ ಓಡಿದೆ, ಕಸಬರಿಗೆ ಹಿಡಿದುಕೊಂಡೇ. ನಾವು ಅವಳನ್ನು ಕೆಳಗಿಳಿಸುವಷ್ಟರಲ್ಲಿ ಮಳೆ ದಬದಬನೆ ಸುರಿಯಿತು. ಹೇತಲಳ ಅಪ್ಪ ಎಲ್ಲರಿಗಿಂತ ಮೊದಲು ಸೆಕ್ರೆಟರಿಯ ಬಾಯಿಗೆ ಎರಡು ಪೇಡೆ ತುರುಕಿ ಅಪ್ಪಿಕೊಂಡ. ಪೇಡೆ ನುಂಗಿದ ಮೇಲೂ ಸೆಕ್ರೆಟರಿ ಆ ನಾಳೆಯ ಮಾತು ಎತ್ತಲಿಲ್ಲ. ಮರುದಿನ ನಾವಿಬ್ಬರೂ ಹೋದೆವು. ಯಾರೂ ತಡೆಯಲಿಲ್ಲ.

ಮಳೆಯಲ್ಲಿ ಕೆಲಸವಿರಲಿಲ್ಲ. ಚಹಾ ಕೊಟ್ಟಾಗ ಸಾರ್ಜೆಂಟರು ಕೇಳಿದರು. "ನಿನ್ನೆ ನೀನು ಅದನ್ನು ಸುಮ್ಮನೆ ಸೀಟಿನ ಕೆಳಗೆ ಜಾರಿಸಬಹುದಿತ್ತು. ಯಾಕೆ ಜಾರಿಸಲಿಲ್ಲ?"

"ಜಾರಿಸಿದ್ರ, ಅದು ಅಲ್ಲಿಗೆ ಹೆಂಗ ಹೋತು ಅಂತ ನೀವು ಇಡೀ ವಿಮಾನಾ ಬಿಚ್ಚಿ ನೆಲದ ತುಂಬ ಹರವತಿದ್ರಿ. ಗುಡಸಾಕಿ ನಾನು."

ಚಹಾ ನೆತ್ತಿಗೇರುವಷ್ಟು ನಕ್ಕರು. ನಗು ನಿಂತ ಮೇಲೆ ಬಾಯಿ ಒರೆಸಿಕೊಂಡರು. ಆಮೇಲೆ ಆ ಖಾಲಿ ವರ್ಷಗಳನ್ನು ಹೇಳಿದರು.

"ಬಾಲವಾಡಿ ಶುರುವಾದ ಎರಡನೇ ವರ್ಷ ಕಣಮ್ಮಾ. ಆಗ ಹಲಗೆ ಗಿಲಗೆ ಇರಲಿಲ್ಲ, ಚೀಲದಲ್ಲಿ ಸಾಮಾನು. ಇಂಥದ್ದೇ ಸ್ಕ್ರೂಡ್ರೈವರು. ಕಲಿಯೋ ಹುಡುಗ ಒಬ್ಬನೇ ಮೇಲೆ ಹೋದ. ಒಳಗೇ ಉಳಿದಿದ್ದ ಅದು ಜಾರಿ, ವಿಮಾನ ಏರಿಸಿ ಇಳಿಸೋ ಕೋಲಿನ ಬುಡಕ್ಕೆ ಸಿಕ್ಕೊಂಡ್ತು. ಕೋಲು ಎಳೆದರೆ ಬರಲಿಲ್ಲ. ಕಬ್ಬಿನ ಗದ್ದೆಗೆ ಬಿದ್ದ. ಬದುಕಿದ. ಒಂದು ಕಾಲು ಹೋಯ್ತು."

"ಯಾರ ಸ್ಕ್ರೂಡ್ರೈವರ್ರಿ?"

"ಮೂವರು ಕೆಲಸ ಮಾಡಿದ್ವಿ. ಯಾರದ್ದು ಅಂತ ವಿಚಾರಣೆಯವರಿಗೆ ಗೊತ್ತಾಗೋ ಹಾಗಿರಲಿಲ್ಲ. ನನಗೆ ಗೊತ್ತಿತ್ತು. ನನ್ನದೇ ಅಂತ ಹೇಳ್ದೆ. ಅಲ್ಲಿಗೆ ಸಾರ್ಜೆಂಟ್ ಆಗೇ ನಿಂತೆ." ಲೋಟ ಕೆಳಗಿಟ್ಟರು. "ಆಸ್ಪತ್ರೆಯಲ್ಲಿ ಆ ಹುಡುಗ ಏನು ಕೇಳಿದ ಗೊತ್ತಾ? ಸಾರ್ಜ್, ವಿಮಾನ ರಿಪೇರಿ ಆಗುತ್ತಾ ಅಂತ. ಆ ರಾತ್ರಿಯೇ ಮೊದಲನೇ ಹಲಗೆ ಬಣ್ಣ ಬಳಿದೆ."

ಲೋಟ ಎತ್ತಿಕೊಂಡೆ. ಎರಡನೇ ಸಲ ಚಹಾ ಕಾಸಿದೆ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹಲಗೆಯ ಮೂಲೆಯಲ್ಲಿ ಉದ್ದನೆಯ ಹೊಸ ಆಕಾರವೊಂದು ಇತ್ತು. ಕೆಳಗೆ ಬರೆದದ್ದನ್ನು ಕೂಡಿಸಿ ಓದಿದೆ. ಕಸಬರಿಗೆ.

"ಇದೇನ್ರಿ, ನನ್ನ ಕಸಬರಿಗಿನೂ ಎಣಸ್ತೀರೇನು?"

"ಹ್ಯಾಂಗರಿನ ಸಾಮಾನು ಅಂದಮೇಲೆ ಎಲ್ಲ ಒಂದೇ. ಅದು ಮೊಳೆಗೆ ಬರೋವರೆಗೂ ವಿಮಾನ ಹೋಗಲ್ಲ. ತಿಳೀತಾ?"

ಒಂದು ಸಲ ಹೊರಗೆ ಅಂಗಳ ಗುಡಿಸುತ್ತ ನಿಂತಿದ್ದೆ, ಮೂರು ವಿಮಾನ ಕಾದು ನಿಂತವು. ಸೆಕ್ರೆಟರಿ ಸ್ವತಃ ಬಂದು ಕಸಬರಿಗೆ ಇಸಿದುಕೊಂಡು ಹೋಗಿ ತೂಗುಹಾಕಿದ.

ನಾಲ್ಕೈದು ವರ್ಷ ಹೀಗೇ ನಡೆಯಿತು. ಹೇತಲ್ ದೊಡ್ಡ ವಿಮಾನಗಳಿಗೆ ಹೋದಳು. ಸಾರ್ಜೆಂಟರ ಕಣ್ಣಿಗೆ ಪೊರೆ ಬಂತು, ಕನ್ನಡಕ ಬಾಟಲಿಯ ತಳದಷ್ಟು ದಪ್ಪವಾಯಿತು. ಒಂದು ದಿನ ಹಲಗೆಯ ಮುಂದೆ ನಿಂತು "ನೀಲಮ್ಮಾ, ನೀನೇ ಓದು, ನನಗೆ ಎಲ್ಲ ಕಪ್ಪಾಗೇ ಕಾಣುತ್ತೆ," ಎಂದರು. ತಾವೇ ರಾಜೀನಾಮೆ ಕೊಟ್ಟರು. ಹಬ್ಬಕ್ಕೆ ಹುಣ್ಣಿಮೆಗೆ ನಾನು ಚೆಂಬೂರಿಗೆ ಹೋಗುತ್ತಿದ್ದೆ. ಬಾಗಿಲು ತೆಗೆಯುತ್ತಲೇ ಕೇಳುತ್ತಿದ್ದುದು ನನ್ನ ಕ್ಷೇಮವಲ್ಲ. "ಹಲಗೆ ತುಂಬಿತ್ತೇನಮ್ಮಾ?"

ತೊಂಬತ್ತೊಂದರ ಚಳಿಗಾಲ. ಅವರು ಹೋದರೆಂದು ಕ್ಯಾಪ್ಟನ್ನು ಬಂದು ಹೇಳಿದರು. ನಾನು ಹೋಗುವ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಅಂಗಿಗೆ ಇಸ್ತ್ರಿ ಇತ್ತು. ಕೆಳಗೆ ಗಾಡಿ ಬಂದು ನಿಂತಿತ್ತು. ಬಿಲ್ಡಿಂಗಿನ ಗಂಡಸರು ಎತ್ತಲೆಂದು ಚಟ್ಟದ ನಾಲ್ಕು ಮೂಲೆಗೆ ಬಗ್ಗಿದ್ದರು. ನಾನು ಒಳಕೋಣೆಯ ಕಡೆ ನೋಡಿದೆ. ಮಂಚದ ತಲೆದೆಸೆಯಲ್ಲಿ ಎರಡು ಕಪ್ಪು ಗುಂಡು.

"ತಡೀರಿ," ಎಂದೆ. "ಹಲಿಗಿ ತುಂಬಿಲ್ಲ."

"ಏನು ಈ ಹೆಂಗಸು?" ಎಂದರು ಯಾರೋ. "ಹೊತ್ತಾಯ್ತು, ಸರಿಯಮ್ಮ."

"ಕನ್ನಡಕ ಇಲ್ರಿ. ಅದು ಸಿಗೂತನಾ ಎತ್ತಂಗಿಲ್ಲ."

ಗೊಣಗಿದರು. ನಾನು ಬಾಗಿಲಲ್ಲಿ ಅಡ್ಡ ನಿಂತೆ. ಗೋಡೆಗೆ ಒರಗಿ ಕುಳಿತಿದ್ದ ಶಾರದಮ್ಮ ತಲೆ ಎತ್ತಿದರು. "ಅವಳು ಹೇಳೋದು ಸರಿ. ಹುಡುಕಿ," ಎಂದರು. ಹಾಸಿಗೆ ಕೊಡವಿದರು, ಕಪಾಟು ನೋಡಿದರು, ಮಂಚದ ಕೆಳಗೆ ತಡಕಿದರು. ಶಾರದಮ್ಮನೂ ಎದ್ದು ದಿಂಬು ಎತ್ತಿ ನೋಡಿದರು. ಅವರು ಬಗ್ಗಿ ಹುಡುಕುವ ರೀತಿ ನೋಡಿ, ಅವತ್ತು ವಿಮಾನದ ಕೆಳಗೆ ಹುಡುಕಿದ್ದು ನೆನಪಾಗಿ, ನನಗೆ ತಟ್ಟನೆ ಗೊತ್ತಾಯಿತು.

"ಅಮ್ಮಾರ, ನಿಮ್ಮ ಸೊಂಟಾ ನೋಡ್ಕೋರಿ."

ಕೈ ಸೊಂಟಕ್ಕೆ ಹೋಯಿತು. ಸೀರೆಯ ಮಡಿಕೆಯಿಂದ ಕನ್ನಡಕ ಹೊರಗೆ ಬಂತು. "ಅಯ್ಯೋ, ಅವರ ಮುಖ ಒರೆಸುವಾಗ ನಾನೇ ತೆಗೆದು ಸಿಕ್ಕಿಸಿದ್ದೆ ಕಣೇ," ಎಂದರು. ಅಳುತ್ತಿದ್ದವರು ನಕ್ಕುಬಿಟ್ಟರು. ಇಬ್ಬರೂ ನಕ್ಕೆವು. ಗಂಡಸರು ನಮ್ಮ ಮುಖ ನೋಡಿದರು.

ಕನ್ನಡಕ ಒರೆಸಿ ಮೊಳೆಗೆ ತೂಗುಹಾಕಿದೆ. ಅಡುಗೆಮನೆಗೆ ಹೋದೆ. ಸೌಟು, ಜಾಲರಿ, ಲಟ್ಟಣಿಗೆ, ಇಕ್ಕಳ. ಎಲ್ಲೂ ಕಪ್ಪಿರಲಿಲ್ಲ. ಹೊರಗೆ ಬಂದು ಬಾಗಿಲು ಬಿಟ್ಟು ನಿಂತೆ.

"ತುಂಬೇತಿ," ಎಂದೆ. "ಎತ್ರಿ."